ಹೊಸ ವಿಡಿಯೋ ಆಟವನ್ನು ಬಿಡುಗಡೆಯ ದಿನವೇ ಕೊಳ್ಳಬೇಕೆ?

ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೊಂಬೂ ತಲೆಯೂ ಮಾತ್ರ ಕಾಣುತ್ತಿರುವಾಗ ಕಾಲು ಕುಂಟೋ, ಕೆಚ್ಚಲು ಸರಿಯಾಗಿದೆಯೋ ತಿಳಿಯುವ ಬಗೆ ಹೇಗೆ? ಈ ಮಾತು ದನದ ಸಂತೆಗೆ ಮಾತ್ರ ಸಲ್ಲತಕ್ಕದ್ದಲ್ಲ. ಈಗಿನ ಬಾಲಕ ಬಾಲಿಕೆಯರು ಅತ್ಯುತ್ಸಾಹದಿಂದ ಎದುರು ನೋಡುವ ವಿಡಿಯೋ ಆಟಗಳ ವ್ಯಾಪಾರಕ್ಕೂ ಅದು ಚೆನ್ನಾಗಿ ಒಪ್ಪುತ್ತದೆ.

ದೊಡ್ಡದೊಂದು ಆಟವು ಬಿಡುಗಡೆಯಾಗುವ ದಿನವನ್ನು ಕಂಪೆನಿಯವರು ತಿಂಗಳುಗಳ ಮೊದಲೇ ಸಾರುತ್ತಾರೆ. ಮನಮೋಹಕವಾದ ಚಿತ್ರಗಳನ್ನು ತೋರಿಸುತ್ತಾರೆ. ಮುಂಗಡ ಹಣ ಕೊಟ್ಟವರಿಗೆ ಸಣ್ಣ ಉಡುಗೊರೆಗಳ ಆಸೆಯನ್ನೂ ಒಡ್ಡುತ್ತಾರೆ. ಮನೆಯಲ್ಲಿ ಮಗನೋ ಮಗಳೋ ಅದನ್ನು ಮೊದಲ ದಿನವೇ ಕೊಡಿಸಬೇಕೆಂದು ಹಟ ಹಿಡಿಯುತ್ತಾರೆ. ಆಗ ತಂದೆತಾಯಿಗಳು ಸಾಮಾನ್ಯವಾಗಿ ಕಾಟ ತಾಳಲಾರದೆ ಹಣ ಕೊಡುತ್ತಾರೆ. ಇಲ್ಲವೇ ಗದರಿಸಿ ಸುಮ್ಮನಾಗಿಸುತ್ತಾರೆ. ಎರಡರಲ್ಲಿಯೂ ವಿಚಾರವೆಂಬುದಿಲ್ಲ. ನಮ್ಮ ದೇಶದಲ್ಲಿ ಇಂತಹ ಆಟವೊಂದರ ಬೆಲೆ ಎರಡು ಮೂರು ಸಾವಿರ ರೂಪಾಯಿಗಳಿಂದ ಐದು ಸಾವಿರದವರೆಗೂ ಇರುವುದುಂಟು. ಅಷ್ಟು ಹಣವನ್ನು ಕೊಡುವುದಾಗಲಿ ಬಿಡುವುದಾಗಲಿ ವಿವೇಕದಿಂದ ನಡೆಯತಕ್ಕ ಕಾರ್ಯ. ಅದರ ಕ್ರಮವೇನೆಂಬುದನ್ನು ಎರಡು ನಿಜವಾದ ಉದಾಹರಣೆಗಳ ಮೂಲಕ ಈ ಪಾಠದಲ್ಲಿ ವಿಚಾರಿಸೋಣ.

ಪಾತ್ರ ವಹಿಸುವ ಆಟವೆಂದರೇನು?

ವಿಡಿಯೋ ಆಟಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ರೋಲ್ ಪ್ಲೇಯಿಂಗ್ ಎಂಬ ಜಾತಿಯ ಆಟದಲ್ಲಿ ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ತಾನೇ ವಹಿಸುತ್ತಾನೆ. ನಮ್ಮ ತಾಳಮದ್ದಳೆಯನ್ನು ನೆನೆದರೆ ಇದು ಸುಲಭವಾಗಿ ತಿಳಿದೀತು. ಅಲ್ಲಿ ಪ್ರಸಂಗದ ಚೌಕಟ್ಟು ಮೊದಲೇ ಗೊತ್ತಿರುತ್ತದೆ. ಆದರೆ ಅರ್ಥಧಾರಿಯು ಏನು ಮಾತನಾಡಬೇಕೆಂಬುದು ಅವನ ಪ್ರತಿಭೆಗೆ ಬಿಟ್ಟದ್ದು. ಈ ಆಟಗಳಲ್ಲಿ ಮಾತು ಮಾತ್ರವಲ್ಲ, ಮುಂದಿನ ಕಥೆಯೂ ಆಡುವವನ ಆಯ್ಕೆಯಂತೆ ತಿರುಗುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮುಂದೆ ಕಂಪ್ಯೂಟರಿಗೆ ಬಂದ ಈ ಜಾತಿಯ ಆಟಗಳಿಗೆಲ್ಲ ಅದು ಮೂಲವಾಯಿತು.

ಆಯ್ಕೆಯ ಸ್ವಾತಂತ್ರ್ಯವೇ ಈ ಆಟಗಳ ಸೊಗಸು. ಅದೇ ಅವುಗಳ ದೋಷಗಳಿಗೂ ಕಾರಣ. ಇದನ್ನು ಲೆಕ್ಕದಿಂದ ತಿಳಿಯೋಣ. ಕಥೆಯಲ್ಲಿ ಒಂದು ಕವಲು ಬಂದರೆ ಎರಡು ದಾರಿ. ಎರಡು ಕವಲು ಬಂದರೆ ನಾಲ್ಕು ದಾರಿ. ಹೀಗೆ ಇಮ್ಮಡಿಯಾಗುತ್ತ ಹೋಗಿ ಹತ್ತು ಕವಲುಗಳಿಗೆ 1,024 ದಾರಿಗಳೂ ಇಪ್ಪತ್ತು ಕವಲುಗಳಿಗೆ 10,48,576 ದಾರಿಗಳೂ ಆಗುತ್ತವೆ. ಐನೂರು ಮಂದಿ ಪರೀಕ್ಷಕರು ಒಬ್ಬೊಬ್ಬರು ದಿನಕ್ಕೊಂದು ದಾರಿಯಂತೆ ನಡೆದು ನೋಡಿದರೂ ಎಲ್ಲವನ್ನೂ ಮುಗಿಸಲು ಐದೂವರೆ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ದಾರಿಗಳು ನಡುನಡುವೆ ಮತ್ತೆ ಕೂಡಿಕೊಳ್ಳುವಂತೆ ನಿರ್ಮಾಪಕರು ಕಥೆಯನ್ನು ಕಟ್ಟುತ್ತಾರೆ, ನಿಜ. ಆದರೂ ಪರೀಕ್ಷಿಸದೆ ಉಳಿಯುವ ಮೂಲೆಗಳು ಬಹಳ. ಆ ಮೂಲೆಗಳಲ್ಲಿ ಮೊದಲು ಕಾಲಿಡುವವರು ಮೊದಲ ವಾರದ ಗಿರಾಕಿಗಳು. ಅಂದರೆ ಅವರು ಹಣ ಕೊಟ್ಟು ಪರೀಕ್ಷಕರ ಕೆಲಸವನ್ನು ಮಾಡಿದಂತಾಯಿತು. ಅವರು ಕಂಡ ದೋಷಗಳನ್ನು ಕಂಪೆನಿಯವರು ತಿದ್ದಿ, ಆ ತಿದ್ದುಪಡಿಗಳನ್ನು ಇಂಟರ್‌ನೆಟ್ ಮೂಲಕ ಕಳುಹಿಸುತ್ತಾರೆ.

ವಾರ್ಸಾದ ಉದಾಹರಣೆ

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಸಿ. ಡಿ. ಪ್ರೊಜೆಕ್ಟ್ ಎಂಬ ಕಂಪೆನಿಯಿದೆ. 2015ರಲ್ಲಿ ಅದು ಹೊರತಂದ ‘ದಿ ವಿಚರ್ 3’ ಎಂಬ ಆಟವು ಲೋಕದಲ್ಲೆಲ್ಲ ಕೀರ್ತಿಯನ್ನು ಗಳಿಸಿತು. ಆದುದರಿಂದ ಅದೇ ಕಂಪೆನಿಯ ‘ಸೈಬರ್‌ಪಂಕ್ 2077’ ಬರುತ್ತದೆಂದಾಗ ಜನರು ಕಣ್ಣು ಮುಚ್ಚಿ ನಂಬಿದರು. 2020ರ ಏಪ್ರಿಲ್ 16ಕ್ಕೆಂದು ಗೊತ್ತಾಗಿದ್ದ ಬಿಡುಗಡೆಯು ಸೆಪ್ಟೆಂಬರ್ 17ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ, ಕೊನೆಗೆ ಡಿಸೆಂಬರ್ 10ಕ್ಕೆ, ಹೀಗೆ ಮೂರು ಸಲ ಮುಂದಕ್ಕೆ ಹೋಯಿತು. ಆದರೂ ನಂಬಿಕೆ ಕದಲಲಿಲ್ಲ. ಆಟವನ್ನು ನೋಡುವ ಮೊದಲೇ ಹಣ ಕೊಟ್ಟವರು 80 ಲಕ್ಷ ಮಂದಿಯೆಂದು ಕಂಪೆನಿಯೇ ಪ್ರಕಟಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು.

ಬಿಡುಗಡೆಗೆ ಮೂರು ದಿನ ಮೊದಲು ವಿಮರ್ಶೆಗಳು ಹೊರಬಿದ್ದುವು, ಹೊಗಳಿಕೆ ಧಾರಾಳವಾಗಿತ್ತು. ಆದರೆ ವಿಮರ್ಶಕರ ಕೈಗೆ ಬಂದದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವೇ ಆಡಿದ ಆಟದ ಚಲಚಿತ್ರವನ್ನು ತೋರಿಸುವುದಕ್ಕೂ ಅವರಿಗೆ ಆಗ ಅನುಮತಿಯಿರಲಿಲ್ಲ. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬವು 2013ರಲ್ಲಿ ಬಂದ ಹಳೆಯ ಆಟದ ಯಂತ್ರಗಳು. ಅಸಂಖ್ಯ ಗಿರಾಕಿಗಳ ಮನೆಯಲ್ಲಿದ್ದುದು ಅವೇ. ಅವುಗಳಲ್ಲಿ ಆಟವು ಹೇಗೆ ನಡೆಯುತ್ತದೆಂಬುದು ಹಣ ಕೊಟ್ಟವರಿಗೆ ಡಿಸೆಂಬರ್ 10ರಂದೇ ತಿಳಿಯಿತು. ಚಿತ್ರಗಳು ಮಸುಕಾಗಿದ್ದುವು, ಆಟವು ತಡವರಿಸಿ ನಡೆಯುತ್ತಿತ್ತು, ನಡುವೆ ಒಮ್ಮೆಲೆ ನಿಂತುಹೋಗುತ್ತಿತ್ತು. ಕಂಪೆನಿಯವರು ಕ್ಷಮೆ ಕೋರಿ, ಬೇಡವೆಂದವರಿಗೆ ಹಣ ಹಿಂದಿರುಗಿಸುವೆವೆಂದರು. ಡಿಸೆಂಬರ್ 17ರಂದು ಸೋನಿ ಕಂಪೆನಿಯು ಈ ಆಟವನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದಲೇ ತೆಗೆಯುವುದಾಗಿ ಸಾರಿತು. ಅದು ಮರಳಿ ಅಲ್ಲಿಗೆ ಬಂದದ್ದು 2021ರ ಜೂನ್ 21ರಂದು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಕಂಪೆನಿಯವರು ಆಟವನ್ನು ಕೈಬಿಡದೆ ವರ್ಷಾನುಗಟ್ಟಲೆ ತಿದ್ದಿದರು. 2023ರ ಸೆಪ್ಟೆಂಬರಿನಲ್ಲಿ ಬಂದ 2.0 ಎಂಬ ದೊಡ್ಡ ಪರಿಷ್ಕರಣದ ನಂತರ ಅದೇ ಆಟವನ್ನು ಜನರು ಮನಸಾರೆ ಮೆಚ್ಚಿದರು. ಆದರೆ ಆ ಪರಿಷ್ಕರಣವು ಪ್ಲೇಸ್ಟೇಷನ್ 4ಕ್ಕಾಗಲಿ ಎಕ್ಸ್‌ಬಾಕ್ಸ್ ಒನ್‌ಗಾಗಲಿ ಬರಲೇ ಇಲ್ಲ. ಮೊದಲ ದಿನ ಪೂರ್ಣ ಬೆಲೆ ಕೊಟ್ಟು, ಹಳೆಯ ಯಂತ್ರವನ್ನೇ ಇಟ್ಟುಕೊಂಡು ಉಳಿದವನಿಗೆ ಅದು ದೊರೆಯದೆ ಹೋಯಿತು. ಮೂರು ವರ್ಷ ಕಾದು ಹೊಸ ಯಂತ್ರಕ್ಕೆಂದು ಕೊಂಡವನಿಗೆ ಕಡಮೆ ಬೆಲೆಯಲ್ಲಿ ಉತ್ತಮ ಆಟ ಸಿಕ್ಕಿತು. ಹಿಂದಿನ ಆಟ ಚೆನ್ನಾಗಿತ್ತೆಂಬುದು ಹೊಸ ಆಟಕ್ಕೆ ಸಾಕ್ಷಿಯಾಗಲಾರದು. ಮತ್ತೊಂದು ಯಂತ್ರದಲ್ಲಿ ಚೆನ್ನಾಗಿ ನಡೆದದ್ದು ನಮ್ಮ ಯಂತ್ರಕ್ಕೆ ಸಾಕ್ಷಿಯಾಗಲಾರದು.

ಗೆಂಟ್ ನಗರದ ಉದಾಹರಣೆ

ಹಾಗಾದರೆ ಮೊದಲೇ ಹಣ ಕೊಡುವವರೆಲ್ಲ ಅವಿವೇಕಿಗಳೇ? ಹಾಗೆನ್ನಲಾಗದು. ಬೆಲ್ಜಿಯಂ ದೇಶದ ಗೆಂಟ್ ನಗರದ ಲಾರಿಯನ್ ಎಂಬ ಕಂಪೆನಿಯು ‘ಬಾಲ್ಡರ್ಸ್ ಗೇಟ್ 3’ ಎಂಬ ಆಟವನ್ನು 2020ರ ಅಕ್ಟೋಬರ್ 6ರಂದೇ ಅಪೂರ್ಣ ಸ್ಥಿತಿಯಲ್ಲಿ ಮಾರಾಟಕ್ಕಿಟ್ಟಿತು. ಮೂರು ಅಂಕಗಳ ಕಥೆಯಲ್ಲಿ ಮೊದಲ ಅಂಕ ಮಾತ್ರ ಅದರಲ್ಲಿದ್ದಿತು, ದೋಷಗಳೂ ಇದ್ದುವು. ಆದರೆ ಆಟ ಇನ್ನೂ ಮುಗಿದಿಲ್ಲವೆಂಬುದನ್ನು ಕಂಪೆನಿಯು ಬಾಯಿಬಿಟ್ಟು ಹೇಳಿಯೇ ಮಾರಿತು. ಕೊಂಡವರು ತಿಳಿದೇ ಕೊಂಡರು. ತಪ್ಪುಗಳನ್ನು ಹುಡುಕಿ ತಿಳಿಸಿದರು. ಸುಮಾರು ಮೂರು ವರ್ಷ ಹೀಗೆ ಪಳಗಿದ ಆಟವು 2023ರ ಆಗಸ್ಟ್ 3ರಂದು ಪೂರ್ಣವಾಗಿ ಹೊರಬಂದು, ಅದೇ ವರ್ಷ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿಯನ್ನು ಪಡೆಯಿತು.

ವಾರ್ಸಾಕ್ಕೂ ಗೆಂಟಿಗೂ ಇರುವ ಮುಖ್ಯ ಭೇದವಿದು. ಎರಡು ಕಡೆಯೂ ಆಟ ಅಪಕ್ವವಾಗಿಯೇ ಗಿರಾಕಿಯ ಕೈ ಸೇರಿತು. ಒಂದು ಕಡೆ ಅದು ಗಿರಾಕಿಗೆ ಗೊತ್ತಿತ್ತು. ಇನ್ನೊಂದು ಕಡೆ ಗೊತ್ತಿರಲಿಲ್ಲ. ತಿಳಿದು ಕೊಟ್ಟ ಹಣ ಪ್ರೋತ್ಸಾಹವಾಗುತ್ತದೆ. ತಿಳಿಯದೆ ಕೊಟ್ಟದ್ದು ನಷ್ಟವಾಗುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಇಷ್ಟು ಹೊಗಳಿಸಿಕೊಂಡ ಆಟದಲ್ಲಿಯೂ ಮೂರನೆಯ ಅಂಕದಲ್ಲಿ ದೋಷಗಳು ಉಳಿದಿದ್ದುವು. ಕಥೆ ಮುಗಿದ ಬಳಿಕ ಸಂಗಾತಿಗಳೆಲ್ಲ ಒಟ್ಟುಗೂಡುವ ಉಪಸಂಹಾರವನ್ನು ಕಂಪೆನಿಯು ಸೇರಿಸಿದ್ದು ನವೆಂಬರ್ ತಿಂಗಳ ಕೊನೆಯಲ್ಲಿ. ಆಗಸ್ಟಿನಲ್ಲಿಯೇ ಆತುರದಿಂದ ಮುಗಿಸಿದವರಿಗೆ ಆ ಭಾಗವೇ ಇರಲಿಲ್ಲ. ಅತ್ಯುತ್ತಮವಾದ ಆಟವೂ ಕಾದವನಿಗೆ ಇನ್ನಷ್ಟು ಉತ್ತಮವಾಗಿ ದೊರೆಯಿತು.

ಕಾಯುವುದರ ವಿರುದ್ಧ ಹೇಳಬಹುದಾದ ಮಾತು

ಮಕ್ಕಳ ಪಕ್ಷವನ್ನೂ ನಾವು ನ್ಯಾಯವಾಗಿ ಕೇಳಬೇಕು. ಗೆಳೆಯರೆಲ್ಲ ಒಂದೇ ವಾರದಲ್ಲಿ ಒಂದೇ ಕಥೆಯನ್ನು ಆಡುತ್ತ ಮಾತನಾಡಿಕೊಳ್ಳುವ ಸಂತೋಷ ಸಣ್ಣದಲ್ಲ. ಜಾತ್ರೆಯನ್ನು ಜಾತ್ರೆಯ ದಿನವೇ ನೋಡಬೇಕು. ಮರುವಾರ ಹೋದರೆ ಬಯಲು ಮಾತ್ರ ಇರುತ್ತದೆ. ಕಾದವನಿಗೆ ಕಥೆಯ ಗುಟ್ಟು ಇತರರ ಬಾಯಿಂದ ಮೊದಲೇ ತಿಳಿದುಹೋಗುವ ಭಯವೂ ಉಂಟು. ಎಲ್ಲರೂ ಕಾಯುತ್ತ ಕುಳಿತರೆ ವರ್ಷಗಳ ಕಾಲ ದುಡಿದ ನಿರ್ಮಾಪಕರ ಗತಿಯೇನೆಂಬ ಪ್ರಶ್ನೆಯೂ ಸಹಜವೇ. ಇವು ಮೂರೂ ನಿಜವಾದ ಮಾತುಗಳು. ಆದುದರಿಂದ ಎಂದಿಗೂ ಮೊದಲ ದಿನ ಕೊಳ್ಳಬಾರದೆಂದು ನಾವು ಕಟ್ಟಪ್ಪಣೆ ಮಾಡುವುದಿಲ್ಲ. ಆ ಸಂತೋಷಕ್ಕೆ ಎಷ್ಟು ಬೆಲೆ ತೆರುತ್ತಿದ್ದೇವೆಂಬುದನ್ನು ತಿಳಿದು ತೆರಬೇಕೆಂದಷ್ಟೇ ಹೇಳುತ್ತೇವೆ.

ಆದರೆ ಒಬ್ಬನೇ ಕುಳಿತು ಆಡುವ ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ. ಆರು ತಿಂಗಳ ನಂತರವೂ ಅದು ಅಲ್ಲಿಯೇ ಇರುತ್ತದೆ. ಅಷ್ಟರಲ್ಲಿ ಬೆಲೆ ಇಳಿದಿರುವುದು ಸಾಮಾನ್ಯ.

ನಿರ್ಣಯದ ಕ್ರಮ

ಮನೆಯಲ್ಲಿ ಈ ಪ್ರಶ್ನೆ ಬಂದಾಗ ತಂದೆತಾಯಿಗಳೂ ಮಕ್ಕಳೂ ಜೊತೆಯಲ್ಲಿ ಕುಳಿತು ಕೆಳಗಿನ ಐದು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಲಿ.

1. ಈ ಆಟ ನಮ್ಮ ವಯಸ್ಸಿಗೆ ತಕ್ಕುದೇ? ಆಟದ ಡಬ್ಬಿಯ ಮೇಲೆ ಅಥವಾ ಮಾರಾಟದ ಪುಟದಲ್ಲಿ ವಯಸ್ಸಿನ ಅಂಕೆಯಿರುತ್ತದೆ. ಮೇಲೆ ಹೇಳಿದ ಸೈಬರ್‌ಪಂಕ್, ಬಾಲ್ಡರ್ಸ್ ಗೇಟ್ ಎರಡಕ್ಕೂ ಯೂರೋಪಿನ ವರ್ಗೀಕರಣದಲ್ಲಿ 18 ಎಂಬ ಅಂಕೆಯಿದೆ. ವ್ಯಾಪಾರದ ನೀತಿಯನ್ನು ತಿಳಿಸುವುದಕ್ಕಾಗಿ ಮಾತ್ರ ನಾವು ಅವನ್ನು ಉದಾಹರಿಸಿದೆವು. ಶಾಲಾ ಬಾಲಕರು ಅವನ್ನು ಆಡತಕ್ಕದ್ದಲ್ಲ. ಇಲ್ಲಿಯೇ ‘ಇಲ್ಲ’ ಎಂಬ ಉತ್ತರ ಬಂದರೆ ಮುಂದಿನ ಪ್ರಶ್ನೆಗಳು ಬೇಕಾಗಿಲ್ಲ.

2. ನಮ್ಮಲ್ಲಿರುವ ಯಂತ್ರದಲ್ಲಿಯೇ ಇದನ್ನು ಆಡಿದವರು ಏನು ಹೇಳುತ್ತಾರೆ? ಬಿಡುಗಡೆಗೆ ಮುಂಚಿನ ಹೊಗಳಿಕೆಗಿಂತ, ಬಿಡುಗಡೆಯ ಎರಡು ವಾರಗಳ ನಂತರ ಸಾಮಾನ್ಯ ಗಿರಾಕಿಗಳು ಹೇಳುವ ಮಾತಿಗೆ ಬೆಲೆ ಹೆಚ್ಚು.

3. ಮೆಚ್ಚದಿದ್ದರೆ ಹಣ ಹಿಂದಿರುಗುವುದೇ? ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಅಂಗಡಿಯಲ್ಲಿ, ಕೊಂಡು ಹದಿನಾಲ್ಕು ದಿನಗಳೊಳಗೆ, ಆಡಿದ ಕಾಲ ಎರಡು ಗಂಟೆಗಿಂತ ಕಡಮೆಯಿದ್ದರೆ ಹಣ ಮರಳಿಸುವ ನಿಯಮವಿದೆ. ಆದರೆ ಐವತ್ತು ನೂರು ಗಂಟೆಗಳ ಕಥೆಯನ್ನು ಎರಡೇ ಗಂಟೆಯಲ್ಲಿ ಅಳೆಯುವುದು ಕಷ್ಟ. ಬಾಗಿಲು ಚೆನ್ನಾಗಿದ್ದ ಮಾತ್ರಕ್ಕೆ ಹಿತ್ತಲೂ ಚೆನ್ನಾಗಿರುತ್ತದೆಯೆಂದು ನಂಬಲಾಗದು.

4. ಈಗ ಆಡಲು ಸಮಯವಿದೆಯೇ? ‘ಎಲ್ಡನ್ ರಿಂಗ್’ ಬಂದದ್ದು 2022ರ ಫೆಬ್ರವರಿ 25ರಂದು. ‘ಡ್ರ್ಯಾಗನ್ಸ್ ಡಾಗ್ಮಾ 2’ ಬಂದದ್ದು 2024ರ ಮಾರ್ಚ್ 22ರಂದು. ಜಪಾನಿನ ಅನೇಕ ಕಂಪೆನಿಗಳಿಗೆ ಮಾರ್ಚ್ 31 ವರ್ಷದ ಲೆಕ್ಕ ಮುಗಿಯುವ ದಿನ. ನಮಗಾದರೋ ಅದೇ ಪರೀಕ್ಷೆಯ ಕಾಲ. ಕೊಂಡು ಬೀರುವಿನಲ್ಲಿಟ್ಟರೆ ವ್ಯರ್ಥ. ಆಡಿದರೆ ಪಾಠಕ್ಕೆ ಹಾನಿ. ಪರೀಕ್ಷೆ ಮುಗಿದು ರಜೆ ಬರುವ ವೇಳೆಗೆ ಆಟಕ್ಕೆ ತಿದ್ದುಪಡಿಗಳೂ ಬಂದಿರುತ್ತವೆ.

5. ಮನೆಯಲ್ಲಿರುವ ಹಳೆಯ ಆಟವನ್ನು ಮುಗಿಸಿದೆವೇ? ಅರ್ಧ ಓದಿದ ಪುಸ್ತಕವನ್ನು ಮಡಿಸಿಟ್ಟು ಹೊಸದಕ್ಕೆ ಕೈಚಾಚುವವನಿಗೆ ಯಾವ ಪುಸ್ತಕದ ಫಲವೂ ದಕ್ಕುವುದಿಲ್ಲ.

ಐದಕ್ಕೂ ತೃಪ್ತಿಕರವಾದ ಉತ್ತರ ಬಂದರೆ ಸಂತೋಷದಿಂದ ಕೊಳ್ಳಬಹುದು. ಮೊದಲನೆಯದಕ್ಕೆ ಒಳ್ಳೆಯ ಉತ್ತರ ಬಂದು ಉಳಿದವುಗಳಲ್ಲಿ ಒಂದೆರಡು ಸಂಶಯವಾಗಿ ಉಳಿದರೆ, ತಂದೆತಾಯಿಗಳು ‘ಬೇಡ’ ಎನ್ನುವ ಬದಲು ‘ಇಂತಹ ತಿಂಗಳಲ್ಲಿ ಮತ್ತೆ ವಿಚಾರಿಸೋಣ’ ಎಂದು ದಿನವನ್ನು ಗೊತ್ತುಮಾಡಿ ಹೇಳಲಿ. ಹೇಳಿದ ಮೇಲೆ ಆ ದಿನವನ್ನು ತಾವು ಮರೆಯದಿರಲಿ. ತಂದೆತಾಯಿಗಳು ಮಾತು ಉಳಿಸಿಕೊಂಡರೆ ಮಗುವು ಕಾಯುವುದನ್ನು ಕಲಿಯುತ್ತದೆ. ಮಾತು ತಪ್ಪಿದರೆ ಹಟವೊಂದನ್ನೇ ಕಲಿಯುತ್ತದೆ.

ಇಂದು ಆಟವನ್ನು ಕುರಿತು ವಿಚಾರಿಸಿದ ಬಾಲಕನೇ ನಾಳೆ ಮೊಬೈಲನ್ನೂ, ವಾಹನವನ್ನೂ, ಕೊನೆಗೆ ಮನೆಯನ್ನೂ ಕೊಳ್ಳುವವನು. ಜಾಹೀರಾತಿನ ಎದುರು ಒಂದು ಕ್ಷಣ ನಿಂತು, ‘ಇದರಲ್ಲಿ ನನಗೆ ಕಾಣುತ್ತಿರುವುದೆಷ್ಟು, ಕಾಣದೆ ಉಳಿದಿರುವುದೆಷ್ಟು?’ ಎಂದು ಕೇಳಿಕೊಳ್ಳುವ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಬರಲಿ. ಎಮ್ಮೆ ನೀರಿನಿಂದ ದಡಕ್ಕೆ ಬಂದೇ ಬರುತ್ತದೆ. ಅಷ್ಟರವರೆಗೆ ಹಣ ನಮ್ಮ ಕಿಸೆಯಲ್ಲಿಯೇ ಇದ್ದರೆ ನಷ್ಟವೇನೂ ಇಲ್ಲ.

ಅಭ್ಯಾಸ

1. ಕಥೆಯೊಂದರಲ್ಲಿ ಹನ್ನೆರಡು ಕವಲುಗಳಿದ್ದು ಪ್ರತಿಯೊಂದರಲ್ಲಿಯೂ ಎರಡು ಆಯ್ಕೆಗಳಿದ್ದರೆ ಒಟ್ಟು ದಾರಿಗಳೆಷ್ಟು? ಪ್ರತಿಯೊಂದರಲ್ಲಿಯೂ ಮೂರು ಆಯ್ಕೆಗಳಿದ್ದರೆ?
2. ವಾರ್ಸಾದ ಮತ್ತು ಗೆಂಟ್ ನಗರದ ಕಂಪೆನಿಗಳ ನಡತೆಯಲ್ಲಿದ್ದ ಭೇದವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ನೀವು ಕೊಳ್ಳಬೇಕೆಂದಿರುವ ಯಾವುದಾದರೂ ಒಂದು ವಸ್ತುವನ್ನು ಆರಿಸಿಕೊಂಡು, ಮೇಲಿನ ಐದು ಪ್ರಶ್ನೆಗಳಲ್ಲಿ ಅದಕ್ಕೆ ಒಪ್ಪುವವುಗಳಿಗೆ ಉತ್ತರ ಬರೆದು, ಮನೆಯ ಹಿರಿಯರಿಗೆ ಓದಿ ಹೇಳಿರಿ.