ಹೆತ್ತವರ ವ್ಯಸನವೂ ಮಕ್ಕಳ ನೆಲೆಯೂ

ತಾಯಿತಂದೆಗಳು ಬದುಕಿದ್ದೂ ಮಕ್ಕಳು ಪರರ ಮನೆಯಲ್ಲಿ ಬೆಳೆಯಬೇಕಾಗುವುದುಂಟೇ? ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಮನೆಯಲ್ಲಿ ಕ್ಷೇಮವಿಲ್ಲದ ಮಕ್ಕಳನ್ನು ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸಾಕುಮನೆಗಳಲ್ಲಿ ಇರಿಸುವ ಪದ್ಧತಿಯಿದೆ. ಹಾಗೆ ಬಂದವರಲ್ಲಿ, ಹೆತ್ತವರ ಮದ್ಯಪಾನ ಅಥವಾ ಮಾದಕ ವಸ್ತುಗಳ ಚಟವು ಒಂದು ಕಾರಣವೆಂದು ದಾಖಲಾದ ಮಕ್ಕಳು 2000ದಲ್ಲಿ ಐದರಲ್ಲೊಂದು ಪಾಲಿಗಿಂತ ಕಡಮೆಯಿದ್ದರು; 2019ರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾದರು.

ಚಟಕ್ಕೊಳಗಾದವರಲ್ಲಿ ಮಮತೆ ಉಳಿದಿರಬಹುದು, ಎಚ್ಚರ ಉಳಿಯದು. ಊಟದ ಹೊತ್ತು ತಪ್ಪುವುದು, ಮನೆವಾರ್ತೆಯ ಹಣ ಕರಗುವುದು, ಹತ್ತು ವರ್ಷದ ಮಗಳೇ ತಮ್ಮತಂಗಿಯರಿಗೆ ತಾಯಿಯಾಗಬೇಕಾಗುವುದು.

ಇಲ್ಲಿ ಒಂದು ಕಠಿನ ಸಮಸ್ಯೆಯಿದೆ. ವ್ಯಸನಮುಕ್ತಿಯು ನಿಧಾನವಾದುದು, ಬಿಟ್ಟ ಮೇಲೂ ಮರಳಿ ಬೀಳುವವರುಂಟು. ಬಾಲ್ಯವಾದರೋ ಕಾಯದು. ಆದಕಾರಣ ಅಲ್ಲಿಯ 1997ರ ಶಾಸನವು, ಮಗುವು 22 ತಿಂಗಳುಗಳಲ್ಲಿ 15 ತಿಂಗಳು ಸಾಕುಮನೆಯಲ್ಲಿದ್ದರೆ, ಕೆಲವು ವಿನಾಯಿತಿಗಳ ಹೊರತು, ಹೆತ್ತವರ ಹಕ್ಕನ್ನು ರದ್ದುಪಡಿಸುವಂತೆ ಸರಕಾರವು ನ್ಯಾಯಾಲಯವನ್ನು ಕೋರತಕ್ಕದ್ದೆಂದು ವಿಧಿಸಿತು. ಚಿಕಿತ್ಸೆ ತಡವಾದರೆ, ತಾಯಿಯು ಗುಣಹೊಂದುವಷ್ಟರಲ್ಲಿ ಮಗುವು ಅವಳದಾಗಿ ಉಳಿಯದು. 2018ರ ಶಾಸನವು, ಮಗುವನ್ನು ಅಗಲಿಸುವ ಮುನ್ನವೇ ಹೆತ್ತವರ ಚಿಕಿತ್ಸೆಗೆ ಕೇಂದ್ರದ ಹಣವನ್ನು ಬಳಸಲು ಅವಕಾಶ ಕೊಟ್ಟಿತು. ಚಿಕಿತ್ಸಾಲಯದಲ್ಲಿ ತಾಯಿಯೂ ಮಗುವೂ ಒಟ್ಟಿಗಿರಲು ಸಹ ಎಡೆಮಾಡಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಇದು ನಮಗೂ ಪಾಠವಲ್ಲವೇ? ನೆರೆಮನೆಯ ಕುಡುಕನನ್ನು ಹಳಿಯುವುದರಿಂದ ಅವನ ಮಗುವಿಗೆ ಪ್ರಯೋಜನವಿಲ್ಲ. ಅವನನ್ನು ಬೇಗನೆ ಚಿಕಿತ್ಸೆಗೆ ಒಡಂಬಡಿಸುವವರು ಆ ಮಗುವಿಗೆ ತಂದೆಯನ್ನು ಉಳಿಸಿಕೊಡುವರು. ಮಗುವಿಗೆ ಅಪಾಯವಿದ್ದಲ್ಲಿ 1098 ಸಹಾಯವಾಣಿಗೆ ತಿಳಿಸಿರಿ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲವೆಂದು ಮಗುವಿಗೂ ಹೇಳಿರಿ.