ಕಾರವಾರ, ಅಂಕೋಲೆಯಲ್ಲಿ ಇತಿಹಾಸ ಪದವಿ: ಸೇರುವ ಮೊದಲು, ಸೇರಿದ ಮೇಲೆ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಕಡೆಯ ಮನೆಗಳಲ್ಲಿ ಇತಿಹಾಸದ ಹೆಸರು ಬರುವುದು ಕೊನೆಗೆ. ಬೇರೆ ಯಾವುದೂ ಆಗಲಿಲ್ಲವೆಂದರೆ ‘ಬಿ.ಎ. ಮಾಡು, ಸಾಕು’ ಎನ್ನುತ್ತಾರೆ. ಹಾಗೆ ಸೇರಿದವರಲ್ಲಿ ಹೆಚ್ಚಿನವರು ಮೂರು ವರ್ಷ ನೋಟ್ಸ್ ಬರೆದುಕೊಂಡು, ಪರೀಕ್ಷೆ ಮುಗಿಸಿ ಹೋಗುತ್ತಾರೆ. ಆದರೆ ಈ ವಿಷಯವನ್ನು ಬೇಕೆಂದೇ ಆರಿಸಿಕೊಳ್ಳುವವರಿಗೆ ಕಾರವಾರ, ಅಂಕೋಲೆಯಂಥ ಊರು ಬಹಳ ಒಳ್ಳೆಯ ಜಾಗ. ದಾಖಲೆ, ಕಲ್ಲು, ಹಿರಿಯರ ನೆನಪು ಮೂರೂ ಇಲ್ಲಿ ಕೈಗೆಟಕುತ್ತವೆ. ಕನ್ನಡ, ಕೊಂಕಣಿ, ಮರಾಠಿ ಮೂರನ್ನೂ ಕೇಳುತ್ತಲೇ ಬೆಳೆದ ಮಕ್ಕಳು ಇಲ್ಲಿ ಬೇಕಾದಷ್ಟಿದ್ದಾರೆ. ಈ ಬಂಡವಾಳವನ್ನು ಬಳಸಿಕೊಳ್ಳುವುದು ಹೇಗೆಂದು ಕ್ರಮವಾಗಿ ನೋಡೋಣ.

ಮೊದಲು ಪ್ರವೇಶದ ಕೆಲಸ

ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಎರಡೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಈ ವರ್ಷ ಇತಿಹಾಸದ ಜೊತೆ ಯಾವ ಐಚ್ಛಿಕ ವಿಷಯಗಳಿವೆ, ಇತಿಹಾಸಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಅಥವಾ ಅತಿಥಿ ಉಪನ್ಯಾಸಕರೇ, ಗ್ರಂಥಾಲಯದಿಂದ ಪುಸ್ತಕ ಮನೆಗೆ ಕೊಡುತ್ತಾರೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಅರ್ಜಿ ಯುಯುಸಿಎಂಎಸ್ ಪೋರ್ಟಲ್ ಮೂಲಕ ಹೋಗುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿಡಿ. ಕೊನೆಯ ವಾರದಲ್ಲಿ ಓಡಾಡುವುದು ತಪ್ಪುತ್ತದೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಪಿಯುಸಿಯಲ್ಲಿ ವಿಜ್ಞಾನ ಅಥವಾ ವಾಣಿಜ್ಯ ಓದಿದವರೂ ಬಿ.ಎ. ಸೇರಬಹುದು.

ಜೊತೆಯ ವಿಷಯಗಳಲ್ಲಿ ಅರ್ಥಶಾಸ್ತ್ರ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಕರಾವಳಿಯ ಚರಿತ್ರೆಯೆಂದರೆ ಬಹುಪಾಲು ಮೆಣಸು, ಉಪ್ಪು, ಮೀನು, ಬಂದರಿನ ಲೆಕ್ಕ. ಮುಂದೆ ಶಾಸನ ಓದುವ ಆಸೆಯಿದ್ದರೆ ಐಚ್ಛಿಕ ಕನ್ನಡ ಹಿಡಿಯಿರಿ, ಹಳಗನ್ನಡ ಅಲ್ಲೇ ಪಳಗುತ್ತದೆ.

ನಿಮ್ಮ ಜಿಲ್ಲೆಯ ಕಾಗದ ಎಲ್ಲೆಲ್ಲಿದೆ?

ಮೊದಲ ಸೆಮಿಸ್ಟರ್‌ನಲ್ಲೇ ಇದನ್ನು ತಿಳಿದುಕೊಳ್ಳಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರವಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. ಹೀಗಾಗಿ 1862ಕ್ಕಿಂತ ಹಿಂದಿನ ಆಡಳಿತದ ಕಡತಗಳಿಗೆ ಚೆನ್ನೈ ಪತ್ರಾಗಾರವನ್ನು, ಆಮೇಲಿನವಕ್ಕೆ ಮುಂಬೈಯನ್ನು, ಏಕೀಕರಣದ ನಂತರದವಕ್ಕೆ ಬೆಂಗಳೂರನ್ನು ನೋಡಬೇಕು. ಪೋರ್ಚುಗೀಸರ ವ್ಯವಹಾರಕ್ಕೆ ಪಣಜಿಯ ಗೋವಾ ಪತ್ರಾಗಾರವಿದೆ. ಕಾರವಾರದವರಿಗೆ ಈ ನಾಲ್ಕರಲ್ಲಿ ಅತಿ ಹತ್ತಿರದ್ದು ಪಣಜಿ.

ಇಷ್ಟೆಲ್ಲ ಊರಿಗೆ ಹೋಗಲು ಪದವಿಯಲ್ಲಿ ಸಾಧ್ಯವಾಗದು, ಅಗತ್ಯವೂ ಇಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಗೆಜೆಟಿಯರ್‌ನ 15ನೇ ಸಂಪುಟ ಪೂರ್ತಿ ಕೆನರಾದ್ದೇ. 1883ರಲ್ಲಿ ಎರಡು ಭಾಗಗಳಲ್ಲಿ ಬಂತು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿ ಬರೆದ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. ಎರಡೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ನಲ್ಲಿ ಕಾರವಾರ, ಅಂಕೋಲಾ ಎಂದು ಹುಡುಕಿ. ಹಳೆಯ ಇಂಗ್ಲಿಷ್ ಕಾಗುಣಿತ ಬೇರೆಬೇರೆ ಇರುವುದರಿಂದ ನಾಲ್ಕಾರು ರೀತಿಯಲ್ಲಿ ಟೈಪ್ ಮಾಡಿ ನೋಡಬೇಕು. ಗೆಜೆಟಿಯರ್ ಓದುವಾಗ ಒಂದು ಎಚ್ಚರ: ಅದು ಕಂದಾಯ ವಸೂಲಿ ಮಾಡುತ್ತಿದ್ದ ಸರ್ಕಾರದ ಪುಸ್ತಕ. ಜಾತಿ ಸಮುದಾಯಗಳ ಬಗ್ಗೆ ಅದರಲ್ಲಿರುವ ಮಾತನ್ನು ಹಾಗೇ ನಿಮ್ಮ ಉತ್ತರಪತ್ರಿಕೆಗೆ ಇಳಿಸಬೇಡಿ.

ಪಠ್ಯದ ಒಂದು ಸಾಲನ್ನು ಬಿಚ್ಚುವುದು

ಪಠ್ಯಪುಸ್ತಕದಲ್ಲಿ ಅಂಕೋಲೆಗೆ ಸಾಮಾನ್ಯವಾಗಿ ಒಂದೇ ಸಾಲು: 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಈ ಸಾಲನ್ನು ನೋಟ್‌ಬುಕ್ಕಿನ ತಲೆಯಲ್ಲಿ ಬರೆದು, ಕೆಳಗೆ ಪ್ರಶ್ನೆಗಳನ್ನು ಇಳಿಸಿ. ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದು ಏಪ್ರಿಲ್ 6. ಒಂದೇ ವಾರದಲ್ಲಿ ಇಲ್ಲಿ ತಯಾರಿ ಹೇಗಾಯಿತು? ಕರ್ನಾಟಕದಲ್ಲಿ ಅಂಕೋಲೆಯನ್ನೇ ಆರಿಸಿದ್ದೇಕೆ? ಸಾಣಿಕಟ್ಟೆಯ ಉಪ್ಪಿನಾಗರ ಇಷ್ಟು ಹತ್ತಿರವಿರುವಾಗ ಉಪ್ಪಿನ ತೆರಿಗೆ ಇಲ್ಲಿನವರನ್ನು ಹೇಗೆ ತಟ್ಟುತ್ತಿತ್ತು? ಸರ್ಕಾರಕ್ಕೆ ಕಂದಾಯ ಕಟ್ಟದ 1932ರ ಕರನಿರಾಕರಣೆ ಚಳವಳಿಯಲ್ಲಿ ಜಮೀನು ಕಳೆದುಕೊಂಡವರು ಯಾರು, ಕೊಂಡವರು ಯಾರು, ಗೇಣಿದಾರರ ಗತಿ ಏನಾಯಿತು, ಹೆಂಗಸರು ಏನು ಮಾಡಿದರು?

ಈಗ ಒಂದೊಂದು ಪ್ರಶ್ನೆಯ ಎದುರು ಉತ್ತರ ಸಿಗಬಹುದಾದ ಜಾಗ ಬರೆಯಿರಿ: ಗೆಜೆಟಿಯರ್, ಅಂದಿನ ಪತ್ರಿಕೆ, ಅಂಕೋಲೆಯ ಸ್ವಾತಂತ್ರ್ಯ ಸ್ಮಾರಕ ಭವನ, ಊರಿನ ಮನೆಗಳಲ್ಲಿರುವ ಹಳೆಯ ಉತಾರ, ಹಿರಿಯರ ಮಾತು. ಇಷ್ಟು ಮಾಡಿದಿರೆಂದರೆ ಸಂಶೋಧನೆ ಶುರು ಮಾಡಿದಿರಿ ಎಂದೇ ಲೆಕ್ಕ. ಕೊನೆಯ ವರ್ಷದ ಕಿರುಪ್ರಬಂಧಕ್ಕೂ ಇದೇ ದಾರಿ.

ಗೋಖಲೆ ಸೆಂಟಿನರಿ ಕಾಲೇಜಿನ ಮಕ್ಕಳು ಇನ್ನೊಂದು ಸಂಗತಿ ತಿಳಿದಿರಬೇಕು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಗೋಖಲೆಯವರ ಜನ್ಮಶತಮಾನೋತ್ಸವದ 1966ರಲ್ಲಿ ಆ ಕಾಲೇಜು ತೆರೆದ ದಿನಕರ ದೇಸಾಯಿ ಚುಟುಕಗಳಿಂದ ಹೆಸರಾದವರು. ಅವರು ಇತಿಹಾಸ ಸಂಶೋಧಕರೂ ಹೌದು. ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರ ಕುರಿತ ಅವರ ಇಂಗ್ಲಿಷ್ ಗ್ರಂಥ 1951ರಲ್ಲಿ ಬಂತು.

ಕಲ್ಲಿನ ಮುಂದೆ ನಿಂತಾಗ

ಗದ್ದೆಯ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಪಟ್ಟಿಗಳ ನಡುವಿನ ದಿಂಡಿನಲ್ಲಿ ಅಕ್ಷರವಿದೆಯೇ ನೋಡಿ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಬಳಿಯಬೇಡಿ, ಉಜ್ಜಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದರೆ ಸವೆದ ಅಕ್ಷರವೂ ಏಳುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಊರು, ಜಾಗ, ದಿಕ್ಕು, ದಿನಾಂಕ ಬರೆದುಕೊಳ್ಳಿ. ಅಲ್ಲಿಂದ ಕದಲಿಸಬೇಡಿ, ನಿಮ್ಮ ಅಧ್ಯಾಪಕರಿಗೆ ತಿಳಿಸಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಶಾಸನಗಳ ಕೆಲಸ ಮಾಡುತ್ತಿದೆ. ಪ್ರಕಟಿತ ಸಂಪುಟಗಳಲ್ಲಿ ಆ ಕಲ್ಲು ಆಗಲೇ ಇದೆಯೇ ಎಂದು ಅವರ ನೆರವಿನಿಂದ ತಿಳಿಯಬಹುದು.

ಮಾತಿನ ದಾಖಲೆಗೂ ಶಿಸ್ತು ಬೇಕು. ಸೀಬರ್ಡ್ ನೌಕಾನೆಲೆಗಾಗಿ ಎದ್ದು ಹೋದ ಕುಟುಂಬಗಳು, ಹಾಲಕ್ಕಿ ಒಕ್ಕಲಿಗರ ಕೇರಿಗಳು, ಮೀನುಗಾರರ ಬೀದಿಗಳು ಇಲ್ಲೇ ಇವೆ. ಮೊದಲು ಒಪ್ಪಿಗೆ ಕೇಳಿ, ಆಮೇಲೆ ರೆಕಾರ್ಡ್ ಮಾಡಿ. ಅಜ್ಜಿಗೆ ಇಸವಿ ನೆನಪಿರುವುದಿಲ್ಲ. ‘ಗೋವೆಯ ಗಲಾಟೆಗಿಂತ ಮೊದಲೋ? ಕಾಳಿ ಸೇತುವೆ ಆದ ಮೇಲೋ?’ ಎಂದು ಕೇಳಿ. ಗೋವಾ ವಿಮೋಚನೆ 1961ರ ಡಿಸೆಂಬರ್. ಆಗ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲೇ ಭಾರತೀಯ ನೌಕಾಪಡೆಯ ಏಳು ಮಂದಿ ಮಡಿದರು. ಇಂಥ ಗೂಟಗಳಿಗೆ ನೆನಪನ್ನು ಕಟ್ಟಿದರೆ ಕಾಲ ತಾನಾಗಿ ಸಿಗುತ್ತದೆ. ಕೇಳಿದ್ದನ್ನು ಬರೆದ ಮೇಲೆ ಅವರಿಗೇ ಓದಿ ಹೇಳಿ.

ತಿರುಗಾಟಕ್ಕೆ ದುಡ್ಡಿನ ಚಿಂತೆಯಿದ್ದರೆ, ಶಕ್ತಿ ಯೋಜನೆಯಲ್ಲಿ ಹುಡುಗಿಯರು ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಬನವಾಸಿ, ಮಿರ್ಜಾನ್ ಕೋಟೆ ನೋಡಿ ಬರಬಹುದು. ಸದಾಶಿವಗಡದ ಗುಡ್ಡವಂತೂ ಕಾರವಾರದಿಂದ ಕಾಳಿ ದಾಟಿದರೆ ಸಿಕ್ಕಿತು.

ಮುಂದಿನ ದಾರಿ

ಹೈಸ್ಕೂಲು ಶಿಕ್ಷಕರಾಗಲು ಎರಡು ವರ್ಷದ ಬಿ.ಇಡಿ. ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎ.ಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್. ಮೀಸಲು ವರ್ಗಗಳಿಗೆ ಅಂಕದಲ್ಲಿ ಶೇ 5 ರಿಯಾಯಿತಿ ಇದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸ ಐಚ್ಛಿಕ ವಿಷಯ. ಎರಡು ಪತ್ರಿಕೆ, 500 ಅಂಕ, ಕನ್ನಡದಲ್ಲೂ ಬರೆಯಬಹುದು. ಆದರೆ ಬರೀ ಸ್ಪರ್ಧಾತ್ಮಕ ಪರೀಕ್ಷೆಗೆಂದು ಇತಿಹಾಸ ಓದುವವರಿಗೆ ಗೈಡ್ ಪುಸ್ತಕವೇ ಲೋಕವಾಗಿಬಿಡುತ್ತದೆ. ಅದು ನನಗೆ ಬೇಸರದ ಸಂಗತಿ.

ಶಾಸನ, ಉತ್ಖನನದ ಕಡೆ ಮನಸ್ಸಿದ್ದರೆ ಧಾರವಾಡದಲ್ಲಿ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ. ಎಂ.ಎ. ನಂತರ ಭಾರತೀಯ ಪುರಾತತ್ವ ಸರ್ವೇಕ್ಷಣದ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಗ್ರೇಟರ್ ನೋಯ್ಡಾದಲ್ಲಿ ನಡೆಯುತ್ತದೆ. ಅದೇ ಇಲಾಖೆಯ ಶಾಸನಶಾಸ್ತ್ರ ಶಾಖೆಯ ಕೇಂದ್ರ ಮೈಸೂರಿನಲ್ಲಿದೆ. ಮರಾಠಿ ಬಲ್ಲವರು ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯನ್ನು ಪದವಿಯಲ್ಲಿರುವಾಗಲೇ ರೂಢಿ ಮಾಡಿಕೊಳ್ಳಿ. ಪಣಜಿಯ ಪೋರ್ಚುಗೀಸ್ ದಾಖಲೆ ಓದಬೇಕೆಂದರೆ ಆ ಭಾಷೆ ಕಲಿಯಲೇಬೇಕು. ಅದಕ್ಕೆ ಗೋವಾ ವಿಶ್ವವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇದೆ. ಎರಡನೇ ವರ್ಷದ ಬೇಸಿಗೆ ರಜೆ ಇದಕ್ಕೆಲ್ಲ ಸರಿಯಾದ ಸಮಯ, ಮೂರನೇ ವರ್ಷ ಕಿರುಪ್ರಬಂಧ ಮತ್ತು ಎಂ.ಎ. ಅರ್ಜಿಯ ಓಡಾಟದಲ್ಲೇ ಕಳೆದುಹೋಗುತ್ತದೆ.