ಮೊಬೈಲಿನಲ್ಲಿ ಕೊಳ್ಳುವಾಗ, ಮಾರುವಾಗ: ಹಾಲು ಉತ್ಪಾದಕರು ತಿಳಿದಿರಬೇಕಾದ ವಿಷಯಗಳು



ಹಿಂದೆ ರಾಸು ಬೇಕೆಂದರೆ ಘಾಟಿ ಸುಬ್ರಹ್ಮಣ್ಯದಂತಹ ಜಾತ್ರೆಗೋ ಹತ್ತಿರದ ಸಂತೆಗೋ ಹೋಗುತ್ತಿದ್ದೆವು. ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ಹಗ್ಗ ಕೈಗೆ ಬಂದ ಮೇಲೆ ಹಣ ಎಣಿಸುತ್ತಿದ್ದೆವು. ಇಂದು ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಸಂಘದ ಕಂಪ್ಯೂಟರ್, ಕೊನೆಗೆ ಕರೆಯುವ ಹಸು ಕೂಡ ಮೊಬೈಲಿನ ಪರದೆಯ ಮೇಲೆ ಮಾರಾಟಕ್ಕೆ ಬರುತ್ತಿವೆ. ಇದರಿಂದ ಅನುಕೂಲವೂ ಇದೆ. ಊರಿನಲ್ಲಿ ಸಿಗದ ಬಿಡಿಭಾಗ ಮನೆ ಬಾಗಿಲಿಗೆ ಬರುತ್ತದೆ, ನಾಲ್ಕು ಕಡೆಯ ಬೆಲೆಯನ್ನು ಕುಳಿತಲ್ಲೇ ಹೋಲಿಸಿ ನೋಡಬಹುದು, ದಲ್ಲಾಳಿಯ ಕಮಿಷನ್ ಉಳಿಯುತ್ತದೆ.

ಆದರೆ ಸಂತೆಯಲ್ಲಿದ್ದ ಒಂದು ಕ್ರಮ ಇಲ್ಲಿ ತಲೆಕೆಳಗಾಗಿದೆ. ಅಲ್ಲಿ ವಸ್ತು ಮೊದಲು, ಹಣ ಆಮೇಲೆ. ಇಲ್ಲಿ ಅನೇಕ ವೇಳೆ ಹಣ ಮೊದಲು, ವಸ್ತು ಆಮೇಲೆ. ಹೆಚ್ಚಿನ ಮೋಸಗಳು ಈ ಅಂತರದಲ್ಲೇ ನಡೆಯುತ್ತವೆ. ನಿಮ್ಮ ಹಾಲಿನ ಬಟವಾಡೆ ಹಣ ಜಮೆಯಾಗುವ ಬ್ಯಾಂಕ್ ಖಾತೆಯೇ ಮೊಬೈಲಿಗೂ ಜೋಡಣೆಯಾಗಿದ್ದರೆ, ತಿಂಗಳುಗಟ್ಟಲೆ ಬೆಳಿಗ್ಗೆ ಸಂಜೆ ಹಾಲು ಕರೆದು ಕೂಡಿಟ್ಟ ಹಣ ಒಂದು ನಿಮಿಷದಲ್ಲಿ ಹೋಗಬಹುದು. ಆದ್ದರಿಂದ ಸದಸ್ಯ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನವಿಟ್ಟು ಓದಿ, ಮನೆಯ ಮಕ್ಕಳಿಗೂ ಓದಿ ಹೇಳಬೇಕಾಗಿ ಕೋರಿಕೆ.

1. ಎರಡು ಬಗೆಯ ಪೇಟೆ

ಇಂಟರ್ನೆಟ್ಟಿನ ವ್ಯಾಪಾರವೆಲ್ಲ ಒಂದೇ ಬಗೆಯದಲ್ಲ. ಮೊದಲನೆಯದು ಅಮೆಜಾನ್, ಫ್ಲಿಪ್‌ಕಾರ್ಟ್ ಮುಂತಾದ ಅಂಗಡಿ ಪೇಟೆ. ಇಲ್ಲಿ ಹಣ ಪೇಟೆಯ ಮೂಲಕ ಹೋಗುತ್ತದೆ, ಬಿಲ್ಲು ಬರುತ್ತದೆ, ನಿಯಮಕ್ಕೆ ಒಳಪಟ್ಟು ವಸ್ತುವನ್ನು ಹಿಂದಿರುಗಿಸಲು ಅವಕಾಶವಿರುತ್ತದೆ. ಎರಡನೆಯದು ಓ.ಎಲ್.ಎಕ್ಸ್., ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಂತಹ ಜಾಹೀರಾತು ಪೇಟೆ. ಇಲ್ಲಿ ಸಾಮಾನ್ಯವಾಗಿ ಜಾಹೀರಾತು ಮಾತ್ರ ಅವರದು, ವ್ಯಾಪಾರ ನಿಮ್ಮ ಮತ್ತು ಎದುರಿನವರ ನಡುವಿನದು. ಗೋಡೆಯ ಮೇಲೆ ಚೀಟಿ ಅಂಟಿಸಲು ಜಾಗ ಕೊಟ್ಟಂತೆ ಎಂದು ತಿಳಿಯಿರಿ.

ಹೊಸ ಸಾಮಾನಿಗೆ ಮೊದಲನೆಯ ಪೇಟೆ ಉಪಯುಕ್ತ. ಹಳೆಯ ಸಾಮಾನು ಮತ್ತು ರಾಸುಗಳು ಸಾಮಾನ್ಯವಾಗಿ ಎರಡನೆಯದರಲ್ಲಿ ಸಿಗುತ್ತವೆ. ಎರಡನೆಯದರಲ್ಲಿ ಎಚ್ಚರಿಕೆಯೂ ಎರಡರಷ್ಟು ಇರಬೇಕು.

2. ಹೊಸ ಯಂತ್ರ ಕೊಳ್ಳುವಾಗ

ಬೆಲೆ ನೋಡುವ ಮೊದಲು ನಿಮ್ಮ ಕೊಟ್ಟಿಗೆಯ ಅಗತ್ಯ ನೋಡಿಕೊಳ್ಳಿ. ಮೇವು ಕತ್ತರಿಸುವ ಯಂತ್ರದ ಮೋಟಾರು ಎಷ್ಟು ಎಚ್.ಪಿ., ಸಿಂಗಲ್ ಫೇಸೋ ತ್ರೀ ಫೇಸೋ, ಚಕ್ರ ಮತ್ತು ಬ್ಲೇಡಿಗೆ ರಕ್ಷಣಾ ಕವಚ ಇದೆಯೋ ಇಲ್ಲವೋ ವಿಚಾರಿಸಿ. ಕವಚವಿಲ್ಲದ ಯಂತ್ರ ಸಾವಿರ ರೂಪಾಯಿ ಅಗ್ಗವಾದರೂ ಬೇಡ, ಬೆರಳಿಗೆ ಬೆಲೆ ಕಟ್ಟಲಾಗದು. ಹಾಲು ಕರೆಯುವ ಯಂತ್ರವಾದರೆ ರಬ್ಬರ್ ಲೈನರ್ ಮತ್ತು ಪಲ್ಸೇಟರ್ ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತವೆಯೇ, ರಿಪೇರಿಗೆ ಯಾರು ಬರುತ್ತಾರೆ ಎಂಬುದನ್ನು ಮೊದಲೇ ಕೇಳಿ. ಲೈನರ್ ಬಿರುಕು ಬಿಟ್ಟರೆ ಅಥವಾ ವ್ಯಾಕ್ಯೂಮ್ ಏರುಪೇರಾದರೆ ಮೊಲೆತೊಟ್ಟಿಗೆ ಪೆಟ್ಟಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಪರಿಚಯವಿಲ್ಲದ ಮಾರಾಟಗಾರನಾದರೆ ಜಿ.ಎಸ್.ಟಿ. ಸಂಖ್ಯೆ ಕೇಳಿ. ಅದು 15 ಅಕ್ಷರ ಮತ್ತು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಈ ಸಂಖ್ಯೆ ಹಾಕಿದರೆ ಅಂಗಡಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತಿಳಿಯುತ್ತದೆ. ಹೆಸರು ಒಂದು, ಹಣ ಕಳಿಸಲು ಹೇಳುವ ಖಾತೆ ಮತ್ತೊಬ್ಬರದು ಎಂದಾದರೆ ಅಲ್ಲಿಗೇ ನಿಲ್ಲಿಸಿ.

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಇಂತಹ ಪೇಟೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು. ಆ ಅಧಿಕಾರಿ ನಿಮ್ಮ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿಗೆ ಆಧಾರ ಬೇಕಾದ್ದರಿಂದ ಪೆಟ್ಟಿಗೆಯನ್ನು ಬಿಚ್ಚುವಾಗ ಆರಂಭದಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಬಿಲ್ಲು ಮತ್ತು ವಾರಂಟಿ ಚೀಟಿಯನ್ನು ಪಾಸ್ ಪುಸ್ತಕದ ಜೊತೆ ಇಡಿ.

ಒಂದು ಮಾತು ಪಶುವೈದ್ಯನಾಗಿ ಹೇಳಬೇಕು. ಲಸಿಕೆ, ಆಂಟಿಬಯೋಟಿಕ್ ಮತ್ತು ವೀರ್ಯ ನಳಿಕೆಗಳನ್ನು ಹೀಗೆ ತರಿಸಬೇಡಿ. ಸಾಮಾನ್ಯವಾಗಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ವೀರ್ಯ ನಳಿಕೆ ಇರಬೇಕಾದ್ದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಕೊರಿಯರ್ ಚೀಲದಲ್ಲಿ ಬಂದದ್ದು ಕೆಲಸಕ್ಕೆ ಬಾರದು.

3. ಸಂಘದ ಕಂಪ್ಯೂಟರ್, ತೂಕದ ಯಂತ್ರ

ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವ ಮುನ್ನ ಅದರಲ್ಲಿ ವಿಂಡೋಸ್ 11 ನಡೆಯುತ್ತದೆಯೇ ಎಂದು ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಹಾಲು ಪರೀಕ್ಷಾ ಯಂತ್ರ, ಪ್ರಿಂಟರ್, ತೂಕದ ಯಂತ್ರಗಳ ಕೇಬಲ್ ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಜೋಡಿಸಿಯೇ ನೋಡಬೇಕು, ಬಾಯಿಮಾತು ಸಾಲದು. ಕನಿಷ್ಠ ಅರ್ಧ ಗಂಟೆ ನಡೆಸಿ, ಒಂದೆರಡು ಬಾರಿ ಆರಿಸಿ ಹಚ್ಚಿ ನೋಡಿ. ಬಳಸಿದ ಹಾರ್ಡ್ ಡಿಸ್ಕಿನ ಮೇಲೆ ಭರವಸೆ ಇಡಬೇಡಿ. ಹೊಸದನ್ನು ಹಾಕಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಎಲ್ಲಿಂದ ತಂದರೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಇಲ್ಲದೆ ಹಾಲು ತೂಗಲು ಬಳಸುವಂತಿಲ್ಲ. ಇದು 2009ರ ಕಾಯಿದೆಯ ನಿಯಮ, ಸದಸ್ಯರ ನಂಬಿಕೆಯ ಪ್ರಶ್ನೆಯೂ ಹೌದು.

ಹಳೆಯ ಕಂಪ್ಯೂಟರನ್ನು ಮಾರುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದರೊಳಗೆ ಪ್ರತಿಯೊಬ್ಬ ಸದಸ್ಯನ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಇರುತ್ತವೆ. ಫೈಲನ್ನು ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ತಿಳಿದವರು ಮತ್ತೆ ತೆಗೆಯಬಲ್ಲರು. ಆದ್ದರಿಂದ ಲೆಕ್ಕಪತ್ರದ ಪ್ರತಿ ತೆಗೆದಿಟ್ಟುಕೊಂಡ ನಂತರ ಹಾರ್ಡ್ ಡಿಸ್ಕನ್ನು ಬಿಚ್ಚಿ ಸಂಘದಲ್ಲೇ ಇರಿಸಿಕೊಂಡು ಉಳಿದದ್ದನ್ನು ಮಾರುವುದು ಸುಲಭದ ಉಪಾಯ. ಮಾರಾಟಕ್ಕೆ ಆಡಳಿತ ಮಂಡಳಿಯ ನಿರ್ಣಯ ಮತ್ತು ರಸೀದಿ ಇರಲಿ.

4. ಹಣ ಪಡೆಯಲು ಪಿನ್ ಬೇಡ

ಈ ಒಂದು ವಾಕ್ಯವನ್ನು ನೆನಪಿಟ್ಟರೂ ಲೇಖನ ಓದಿದ್ದು ಸಾರ್ಥಕ. ಯು.ಪಿ.ಐ. ವ್ಯವಸ್ಥೆ ಬಂದದ್ದು 2016ರಲ್ಲಿ. ಇದರಲ್ಲಿ ನಿಮಗೆ ಹಣ ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ, ಕ್ಯೂ.ಆರ್. ಚಿತ್ರವನ್ನು ಸ್ಕ್ಯಾನ್ ಮಾಡಬೇಕಾಗಿಲ್ಲ. ಸ್ಕ್ಯಾನ್ ಮಾಡುವವನು ಕೊಡುವವನು, ಪಿನ್ ಒತ್ತುವವನೂ ಕೊಡುವವನೇ.

ಒಂದು ಉದಾಹರಣೆ ನೋಡೋಣ. ನಿಮ್ಮ ಹಳೆಯ ಮೇವು ಕತ್ತರಿಸುವ ಯಂತ್ರಕ್ಕೆ 18,000 ರೂ. ಎಂದು ಜಾಹೀರಾತು ಹಾಕುತ್ತೀರಿ. ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ. ಎದುರಿನವನು ಚೌಕಾಸಿ ಮಾಡುವುದಿಲ್ಲ. ಯಂತ್ರವನ್ನು ನೋಡಲು ಬರುತ್ತೇನೆ ಎನ್ನುವುದಿಲ್ಲ. ತಾನು ಸೇನೆಯಲ್ಲಿರುವುದಾಗಿ ಹೇಳಿ ಗುರುತಿನ ಚೀಟಿಯ ಚಿತ್ರವನ್ನೂ ಕಳಿಸಬಹುದು. "ಪರೀಕ್ಷೆಗೆ ಐದು ರೂಪಾಯಿ ಕಳಿಸಿ, ಹತ್ತು ವಾಪಸ್ ಹಾಕುತ್ತೇನೆ" ಎನ್ನುತ್ತಾನೆ, ಹಾಗೆಯೇ ಹಾಕುತ್ತಾನೆ. ನಿಮಗೆ ನಂಬಿಕೆ ಬರುತ್ತದೆ. ನಂತರ 18,000 ರೂ. ಇರುವ ಕ್ಯೂ.ಆರ್. ಚಿತ್ರ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎನ್ನುತ್ತಾನೆ. ಪಿನ್ ಒತ್ತಿದ ಕೂಡಲೇ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. "ಏನೋ ತಪ್ಪಾಯಿತು, ಇನ್ನೊಮ್ಮೆ ಮಾಡಿ, ಎರಡೂ ಸೇರಿಸಿ ಕೊಡುತ್ತೇನೆ" ಎಂದು ಮತ್ತೊಮ್ಮೆ ಮಾಡಿಸುತ್ತಾನೆ.

ಇನ್ನೊಂದು ಉಪಾಯವೂ ಇದೆ. "2,000 ಕಳಿಸುವ ಬದಲು 20,000 ಕಳಿಸಿಬಿಟ್ಟೆ, ಆಸ್ಪತ್ರೆಯಲ್ಲಿದ್ದೇನೆ, ಹೆಚ್ಚಿನದನ್ನು ವಾಪಸ್ ಹಾಕಿ" ಎಂದು ಗೋಗರೆಯುತ್ತಾನೆ. ನಿಮ್ಮ ಮೊಬೈಲಿಗೆ ಜಮೆಯ ಸಂದೇಶವೂ ಬಂದಿರುತ್ತದೆ, ಆದರೆ ಅದನ್ನು ಕಳಿಸಿದವನು ಅವನೇ, ಬ್ಯಾಂಕಲ್ಲ. ಸಂದೇಶ ನೋಡಿ ನಂಬಬೇಡಿ, ಖಾತೆಯ ಬಾಕಿ ಹಣವನ್ನು ನೀವೇ ನೋಡಿ.

ಕಂಪನಿಯ ಸಹಾಯವಾಣಿ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡುವುದೂ ಅಪಾಯ. ಬಿಲ್ಲಿನ ಮೇಲೆ ಅಥವಾ ಆ ಕಂಪನಿಯ ಆ್ಯಪಿನೊಳಗೆ ಇರುವ ಸಂಖ್ಯೆಗೆ ಮಾತ್ರ ಕರೆ ಮಾಡಿ. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ.

5. ರಾಸು: ಚಿತ್ರದಲ್ಲಿ ಕಾಣದ್ದು ಬಹಳ

ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬಹುದು. ರಾಸಿನ ವ್ಯಾಪಾರ ಕೆಟ್ಟರೆ ಹಣದ ಜೊತೆಗೆ ಮನೆಯ ಉಳಿದ ರಾಸುಗಳಿಗೂ ರೋಗ ತಗಲಬಹುದು. "ದಿನಕ್ಕೆ 25 ಲೀಟರ್, ಎರಡನೆಯ ಸೂಲು, ಬೆಲೆ 40 ಸಾವಿರ, ಐದು ಸಾವಿರ ಮುಂಗಡ ಹಾಕಿ, ಲಾರಿಯಲ್ಲಿ ಕಳಿಸುತ್ತೇವೆ" ಎಂಬ ಜಾಹೀರಾತು ಕಂಡರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಂತಹ ಹಸುವನ್ನು ಅವನ ಊರಿನವರೇ ಏಕೆ ಬಿಟ್ಟರು? ಮುಂಗಡ ಹಾಕಿದ ಮೇಲೆ ಲಾರಿ ಬಾಡಿಗೆ, ವಿಮೆ, ಚೆಕ್‌ಪೋಸ್ಟ್ ಖರ್ಚು ಎಂದು ಕೇಳುತ್ತಲೇ ಇರುತ್ತಾರೆ. ಹಸು ಮಾತ್ರ ಬರುವುದಿಲ್ಲ.

ಜಾಹೀರಾತನ್ನು ವಿಳಾಸ ತಿಳಿಯಲು ಮಾತ್ರ ಬಳಸಿ. ವ್ಯಾಪಾರವನ್ನು ಕೊಟ್ಟಿಗೆಯಲ್ಲೇ ನಿಂತು ಮಾಡಿ. ಅಲ್ಲಿ ನೋಡಬೇಕಾದ್ದು ಇಷ್ಟು:

(ಅ) ಹಲ್ಲು: ಸುಮಾರು ಎರಡು ವರ್ಷದ ಆಸುಪಾಸಿನಲ್ಲಿ ಎರಡು ಹಲ್ಲು, ನಾಲ್ಕರಿಂದ ನಾಲ್ಕೂವರೆ ವರ್ಷಕ್ಕೆ ಬಾಯಿಗೂಡುತ್ತದೆ. ಹೇಳಿದ ಸೂಲಿಗೂ ಹಲ್ಲಿಗೂ ತಾಳೆಯಾಗಬೇಕು.

(ಆ) ಹಾಲು: ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದುಂಟು. ಆದ್ದರಿಂದ ಸತತವಾಗಿ ಮೂರು ಹೊತ್ತು ಎದುರಿಗೇ ಕರೆಸಿ, ಮೊದಲ ಹೊತ್ತಿನದನ್ನು ಬಿಟ್ಟು ಉಳಿದೆರಡನ್ನು ಲೆಕ್ಕ ಹಿಡಿಯಿರಿ. ನಾಲ್ಕು ಮೊಲೆಗಳನ್ನೂ ಬೇರೆ ಬೇರೆಯಾಗಿ ಕರೆದು, ಗರಣೆ ಅಥವಾ ನೀರಾದ ಹಾಲು ಇದೆಯೇ ನೋಡಿ.

(ಇ) ಗಬ್ಬ: "ಮೂರು ತಿಂಗಳ ಗಬ್ಬ" ಎಂಬ ಮಾತನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಿ.

(ಈ) ಕಂದು ರೋಗ: ಇದಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಗಬ್ಬ ಕಂದುವ ಈ ರೋಗ ಮನುಷ್ಯರಿಗೂ ಹರಡುತ್ತದೆ.

(ಉ) ಕಿವಿಯೋಲೆ: ಅದರಲ್ಲಿರುವ 12 ಅಂಕಿಗಳ ಸಂಖ್ಯೆಯನ್ನು ನಿಮ್ಮ ಪಶುವೈದ್ಯರಿಗೆ ಕೊಡಿ. ಭಾರತ್ ಪಶುಧನ್ ದಾಖಲೆಯಲ್ಲಿ ನೋಂದಾಯಿತ ಮಾಲೀಕರ ಹೆಸರು, ದಾಖಲಾಗಿರುವ ಲಸಿಕೆ ಮತ್ತು ಗರ್ಭಧಾರಣೆಯ ವಿವರ ನೋಡಬಹುದು. ವ್ಯಾಪಾರವಾದ ಮೇಲೆ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ವಿಮೆ ಇದ್ದರೆ ಅದನ್ನೂ ವರ್ಗಾಯಿಸಿಕೊಳ್ಳಿ.

ಲಾರಿ ಗೊತ್ತು ಮಾಡುವ ಮೊದಲು ರಾಸು ಸಾಗಣೆಗೆ ಯಾವ ಕಾಗದಪತ್ರ ಬೇಕೆಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ತುಂಬು ಗಬ್ಬದ ರಾಸನ್ನು ದೂರ ಸಾಗಿಸಬೇಡಿ. ಮನೆಗೆ ತಂದ ರಾಸನ್ನು ಕನಿಷ್ಠ 21 ದಿನ ಬೇರೆ ಕಟ್ಟಿ, ಅದಕ್ಕೆ ಬೇರೆ ಬಕೆಟ್ ಇಡಿ, ಕೊನೆಯಲ್ಲಿ ಹಾಲು ಕರೆಯಿರಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹರಡಿದ್ದನ್ನು ನೀವು ಮರೆತಿರಲಾರಿರಿ. ಕೊಟ್ಟಿಗೆಗೆ ಬರುವ ಹೊಸ ರಾಸು ರೋಗಕ್ಕೂ ಬಾಗಿಲಾಗಬಾರದು.

ರಾಸು ಮಾರುವವರಿಗೂ ಒಂದು ಮಾತು. ಪಕ್ಕದಿಂದ, ಹಿಂದಿನಿಂದ ತೆಗೆದ ಚಿತ್ರ, ಸೂಲು, ಈದ ದಿನ, ಸಂಘದ ಪುಸ್ತಕದಲ್ಲಿರುವ ಹಾಲಿನ ಲೆಕ್ಕ ಇವನ್ನು ಇದ್ದದ್ದು ಇದ್ದಂತೆ ಹಾಕಿ. ಆಧಾರ್ ಕಾರ್ಡ್, ಪಾಸ್ ಪುಸ್ತಕದ ಚಿತ್ರ ಹಾಕಬೇಡಿ. ಪೂರ್ಣ ಹಣ ಖಾತೆಗೆ ಜಮೆಯಾಗಿರುವುದನ್ನು ನೋಡಿದ ಮೇಲೆಯೇ ಹಗ್ಗ ಬಿಚ್ಚಿ.

6. ಮೋಸವಾದರೆ

ಮೋಸ ಹೋದವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆಯುವುದು ಸಾಮಾನ್ಯ. ನಷ್ಟ ಗಟ್ಟಿಯಾಗುವುದು ಆ ಎರಡು ದಿನಗಳಲ್ಲಿ. ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ. ದೂರು ದಾಖಲಾದೊಡನೆ ಹಣ ಹೋದ ಬ್ಯಾಂಕುಗಳಿಗೆ ಮಾಹಿತಿ ಹೋಗಿ, ಮೋಸಗಾರ ಇನ್ನೂ ತೆಗೆಯದೆ ಉಳಿದಿರುವ ಹಣವನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಒಂದು ಗಂಟೆ ಬೇಗ ತಿಳಿಸಿದರೆ ಅಷ್ಟು ಲಾಭ. ನಂತರ ನಿಮ್ಮ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಸಂದೇಶಗಳನ್ನು ಅಳಿಸಬೇಡಿ.

ಮೋಸವಲ್ಲದೆ, ಕಳಪೆ ಸಾಮಾನಿನ ದೂರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾರಾಟಗಾರ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ಯಂತ್ರಕ್ಕೂ ಈ ರಕ್ಷಣೆ ಉಂಟು.

ನೆನಪಿಡಬೇಕಾದ ಅಂಶಗಳು

* ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ.
* ಹಳೆಯ ಸಾಮಾನಿಗೂ ರಾಸಿಗೂ ಮುಂಗಡ ಕಳಿಸಬೇಡಿ. ಹೋಗಿ ನೋಡಿ ಕೊಳ್ಳಿ.
* ಜಮೆಯ ಸಂದೇಶವನ್ನಲ್ಲ, ಖಾತೆಯನ್ನು ನೋಡಿ.
* ಸಂಘದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೊರಗೆ ಹೋಗಬಾರದು.
* ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇಟ್ಟು, ಬೇಕಾದಷ್ಟೇ ಹಣ ಅದರಲ್ಲಿಡಿ. ಬಟವಾಡೆ ಖಾತೆಯನ್ನು ಮೊಬೈಲಿಗೆ ಜೋಡಿಸದಿದ್ದರೆ ಇನ್ನೂ ಕ್ಷೇಮ.
* ಮೋಸವಾದರೆ 1930, ಸಾಮಾನಿನ ದೂರಿಗೆ 1915. ಈ ಎರಡು ಸಂಖ್ಯೆಗಳನ್ನು ಸಂಘದ ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆಸಿ.

ಕೊಳ್ಳುವ, ಮಾರುವ ಮೊದಲು ಸಂದೇಹ ಬಂದರೆ ಸಂಘದ ಕಾರ್ಯದರ್ಶಿಯವರನ್ನೋ ನಿಮ್ಮ ಭಾಗದ ವಿಸ್ತರಣಾಧಿಕಾರಿಯನ್ನೋ ಕೇಳಿ. ಒಂದು ದಿನ ತಡವಾದರೆ ಒಳ್ಳೆಯ ವ್ಯಾಪಾರ ಕೈತಪ್ಪುವುದು ಅಪರೂಪ. ಈಗಲೇ ಹಣ ಹಾಕಿ ಎಂದು ಅವಸರಪಡಿಸುವವನ ಬಳಿ ವಸ್ತು ಇರುವುದೇ ಅನುಮಾನ.